ಅಕ್ಕನ ಕೈಗೊಂದು ಹಿಡಿ

ಮಾರ್ಚ್ ೧೨, ಮಂಗಳವಾರ

ಕ್ಯಾಮೆರಾಕ್ಕೊಂದು ಹಿಡಿ ಹುಡುಕಿ ಹುಡುಕಿ ಇವತ್ತು ಸಾಕುಸಾಕಾಯಿತು. ಲಕ್ವ ಹೊಡೆದ ಮೇಲೆ ಅಕ್ಕನ ಬಲಗೈಯಲ್ಲಿ ಹಿಡಿತವಿಲ್ಲ. ಅವಳ ಹಳೆಯ ರೀಲ್ ಕ್ಯಾಮೆರಾದ ಮೈ ನುಣ್ಣಗಿನ ಲೋಹದ್ದು, ಜಾರುತ್ತದೆ. ಹಗುರವಾದ ಹೊಸದು ಕೊಡಿಸುತ್ತೇನೆಂದರೆ ಮುಖ ತಿರುಗಿಸುತ್ತಾಳೆ.

ಕೊನೆಯ ಅಂಗಡಿಯವರು ಮರದ ಹಿಡಿಯೊಂದನ್ನು ತೋರಿಸಿದರು. ನನಗೆ ಅದರ ಮೇಲೇ ಕಣ್ಣು.

"ಚೆಂದ ಇದ್ರೆ ಸಾಕೇನೇ? ಕೈಗೆ ಕೂರ್ಬೇಕಲ್ಲ," ಎಂದಳು ಅಕ್ಕ. "ಆ ದಪ್ಪ ರಬ್ಬರಿಂದು ಕೊಡಿ."

ನೋಡಲು ಕುರೂಪ. ಆದರೆ ಅವಳ ಬೆರಳುಗಳು ಅದನ್ನು ಕಚ್ಚಿ ಹಿಡಿದವು.

ಮನೆಗೆ ಬಂದವಳೇ ಕುರ್ಚಿಯಲ್ಲಿ ಕುಸಿದೆ. ಚಪ್ಪಲಿ ಬಿಚ್ಚಲೂ ತ್ರಾಣವಿರಲಿಲ್ಲ. ಅಕ್ಕ ಎದುರಿಗೆ ನಿಂತು ಕ್ಯಾಮೆರಾ ಎತ್ತಿದಳು. ಕೈ ನಡುಗುತ್ತಿತ್ತು, ಕ್ಯಾಮೆರಾ ಜಾರಲಿಲ್ಲ. ನನಗೆ ಅಳು ಒತ್ತರಿಸಿ ಬಂತು.

"ಏಯ್, ಅಲ್ಲಾಡ್ಬೇಡ್ವೇ," ಎಂದು ನನ್ನನ್ನೇ ಗದರಿದಳು.