ತೋಳದ ಕೊರಕಲಿಗೆ ಜೀಪು ಹೋದದ್ದು

ಮೇಲಿನ ಹುಲ್ಲುಗಾವಲು,
ಸೋಮವಾರ ಸಂಜೆ

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದ.

ನೀನು ಕುರಿಗಾಹಿಗಳ ಸಂಘದ ಕಾರ್ಯದರ್ಶಿ. ನಾಳಿನ ಸಭೆಯಲ್ಲಿ ಈ ಕಾಗದವನ್ನು ಎದ್ದು ನಿಂತು ಓದು. ಹಿಂದಿನ ಸಾಲಿಗೂ ಕೇಳಬೇಕು. ಹೂಂ, ಶುರು ಮಾಡು!

ಕೂಡಿದ ಮಹಾಸಭೆಯೇ! ಕೋಲು ಹಿಡಿದ ಅಣ್ಣಂದಿರೇ, ಕಂಬಳಿ ಹೊದ್ದ ಅಕ್ಕಂದಿರೇ, ಬಾಗಿಲಲ್ಲಿ ಬೀಡಿ ಸೇದುತ್ತಿರುವ ಮಹನೀಯರೇ, ಕಿವಿಗೊಟ್ಟು ಕೇಳಿ!

ತೋಳ ಮರಿ ಹಾಕಿದರೆ ಮೂರು ತಿಂಗಳು ಆ ಕೊರಕಲಿಗೆ ಕುರಿ ಬಿಡಬಾರದು, ಕಾಲೂ ಇಡಬಾರದು. ಈ ಕಟ್ಟಳೆ ಮಾಡಿದ್ದು ಯಾವ ಸಾಹೇಬರೂ ಅಲ್ಲ, ನಾವೇ. ಯಾರದಾದರೂ ಕುರಿ ತೋಳದ ಪಾಲಾದರೆ ಉಳಿದ ಮಂದೆಗಳಿಂದ ಮರಿ ಎತ್ತಿ ಕೊಟ್ಟವರೂ ನಾವೇ. ಆರು ವರ್ಷ ತೋಳ ಅದರ ಪಾಡಿಗೆ ಮೊಲ ಹಿಡಿಯಿತು, ನಾವು ನಮ್ಮ ಪಾಡಿಗೆ ಕುರಿ ಮೇಯಿಸಿದೆವು. ಹಿಂದೆ ತೋಳಕ್ಕೆ ಇಡುತ್ತಿದ್ದ ವಿಷದ ಡಬ್ಬಿ ತುಕ್ಕು ಹಿಡಿಯಿತು.

ಈಗ ನೋಡಿ ನಮ್ಮ ಅಧ್ಯಕ್ಷರನ್ನು! ತೋಳದ ಫೋಟೊ ತೆಗೆಯಲು ಬಂದ ಕ್ಯಾಮೆರಾದವರ ಜೀಪಿನಲ್ಲಿ ಮುಂದೆ ಕೂತು ಅದೇ ಕೊರಕಲಿಗೆ ಹೋದ ಮಹಾನುಭಾವರು! ತೋಳ ಮರಿ ಹಾಕಿದ ಗುಹೆಯ ಬಾಯಲ್ಲೇ ಚಕ್ರದ ಗುರುತು. ತಾಯಿ ತೋಳ ಹೆದರಿ, ಒಂದೊಂದೇ ಮರಿಯನ್ನು ಕಚ್ಚಿಕೊಂಡು ನಮ್ಮ ದೊಡ್ಡಿಗಳ ಹಿಂದಿನ ಬಂಡೆಗೆ ಬಂತು. ಹಾಲೂಡುವ ತಾಯಿ, ಮಗ್ಗುಲಲ್ಲೇ ಕುರಿ ಇದ್ದರೆ ಉಪವಾಸ ಕೂರುತ್ತದೆಯೇ? ನನ್ನ ನಾಲ್ಕು ಹೋದವು, ಮೂಲೆಮನೆ ಅಜ್ಜಿಯ ಎರಡು. ಕೇಳಲು ಹೋದರೆ ಅಧ್ಯಕ್ಷರು ಹಲ್ಲು ಗಿಂಜಿದರು: "ಫೋಟೊ ಬಂದ್ರೆ ಊರಿಗೇ ಹೆಸರು ಕಣಯ್ಯಾ. ನೀನು ಬೇಲಿ ಗಟ್ಟಿ ಮಾಡ್ಕೋ ಹೋಗು." ಹೆಸರನ್ನು ಹಾಸಿ ಹೊದೆಯಲೇ? ಅಜ್ಜಿ ಆ ಹೆಸರನ್ನು ಕರೆದು ಹಾಲು ಕುಡಿಯಬೇಕೇ?

ಇನ್ನು ನೀವು! ಈ ಸಭೆಯಲ್ಲಿ ಕೈ ಎತ್ತಿ, ಬಂಡೆಗೆ ವಿಷ ಇಡಲು ಹೊರಟಿದ್ದೀರಂತೆ! ಅಜ್ಜಿಯೇ ಮೊದಲು, "ಅದನ್ನ ಕೊಲ್ರೋ, ಇಲ್ಲಾಂದ್ರೆ ನನ್ನೇ ಅದರ ಬಾಯಿಗೆ ಹಾಕ್ರೋ" ಎಂದಳಂತೆ. ಅಜ್ಜೀ, ನಿನ್ನ ಸಂಕಟ ನನಗೆ ಗೊತ್ತು. ಆದರೆ ಕಟ್ಟಳೆ ಮುರಿದದ್ದು ತೋಳವೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಧ್ಯಕ್ಷರೇ, ಇಳಿಯಿರಿ ಆ ಕುರ್ಚಿಯಿಂದ!

ಇತಿ,
ನಿನ್ನ ಅಣ್ಣ

ಮರೆತ ಮಾತು: ತಂಗೀ, ಇದು ನಿನಗೊಬ್ಬಳಿಗೆ. ಕೊರಕಲು ಮೈಲಿಗಟ್ಟಲೆ ಉದ್ದ ಇದೆ. ಗುಹೆ ಎಲ್ಲಿದೆಯೆಂದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಚಹಾದಂಗಡಿಯಲ್ಲಿ ಕ್ಯಾಮೆರಾದವರು, "ತೋಳದ ಕಥೆ ಹೇಳಿ ಯಜಮಾನ್ರೇ" ಎಂದರು. ನಾನು ಬೆಂಚು ಹತ್ತಿದೆ. ತೋಳದಂತೆ ನಡೆದೆ, ಮರಿಯಂತೆ ಕುಂಯ್‌ಗುಟ್ಟಿದೆ, ಎರಡು ಜಾಲಿಮರ ದಾಟಿ ಎಡಕ್ಕೆ ಎಂದು ಕೈ ಚಾಚಿದೆ. ಚಪ್ಪಾಳೆಯೋ ಚಪ್ಪಾಳೆ! ಅಧ್ಯಕ್ಷರೂ ಅಲ್ಲೇ ಚಹಾ ಕುಡಿಯುತ್ತಿದ್ದರು. ಮೇಲೆ ಬರೆದದ್ದರಲ್ಲಿ ಒಂದೂ ಸುಳ್ಳಿಲ್ಲ, ಅದಕ್ಕೇ ನನ್ನ ಮೈ ಇನ್ನಷ್ಟು ಉರಿಯುತ್ತಿದೆ. ಆ ಭಾಷಣವನ್ನು ಸಭೆಯಲ್ಲಿ ಓದಲೇಬೇಡ. ನಾಳೆ ಬೆಳಿಗ್ಗೆ ಹೊತ್ತು ಮೂಡುವ ಮೊದಲೇ ಹೊರಟು, ನನ್ನ ಮಂದೆಯ ಎರಡು ಹೆಣ್ಣುಮರಿಗಳನ್ನು ಹೊತ್ತು ತಂದು ಅಜ್ಜಿಯ ಮುಂದೆ ಇಳಿಸುತ್ತೇನೆ. ಒಬ್ಬನೇ ಒಬ್ಬ ಕೈ ಎತ್ತುವ ಮೊದಲು, ದಾರಿ ತೋರಿಸಿದವನು ನಾನು ಎಂದು ನಾನೇ ಹೇಳುತ್ತೇನೆ.