ಮಗಳ ಕೆಲಸದ ಹೆಸರು

ಮಳವಳ್ಳಿ
ಫೆಬ್ರವರಿ ೧೬, ೨೦೨೫, ಭಾನುವಾರ

ಮಗಳು ಅರ್ಪಿತಳಿಗೆ ನಿನ್ನ ಅಪ್ಪ ಬರೆಯುವುದು.

ಹೇಗಿದ್ದೀಯವ್ವ? ಕೊಯಮತ್ತೂರಿನ ಊಟ ಈಗಲಾದರೂ ಒಗ್ಗಿತೇ? ದಿನವಿಡೀ ನಿಂತೇ ಕೆಲಸ, ಕಾಲು ಊದುತ್ತದೆ ಎಂದು ನಿಮ್ಮವ್ವನ ಹತ್ತಿರ ಹೇಳಿದ್ದೆಯಂತೆ. ಅವಳು ಚೆನ್ನಾಗಿದ್ದಾಳೆ. ಫೋನಿನಲ್ಲಿ ನಿನ್ನೊಡನೆ ಎರಡು ಮಾತು ಮುಗಿಯುವುದರೊಳಗೆ ಅವಳ ಕೈಗೆ ಕೊಟ್ಟುಬಿಡುತ್ತೇನೆ, ಅದಕ್ಕೇ ಈ ಕಾಗದ.

ದೀಪಾವಳಿ ಕಳೆದ ಮೇಲೆ ನನ್ನ ಸೊಂಟ ಹಿಡಿದುಕೊಂಡಿತು. ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು, ಮದ್ದೂರು ಸ್ಟ್ಯಾಂಡಿನಲ್ಲಿ ಸೀಟು ಬಿಟ್ಟು ಏಳಲಾರದೆ ಕೂತುಬಿಟ್ಟೆ. ಕಂಡಕ್ಟರ್ ಬೋರಯ್ಯ ಕಂಕುಳಿಗೆ ಕೈಹಾಕಿ ಕೂಸನ್ನು ಇಳಿಸಿದ ಹಾಗೆ ಇಳಿಸಿದ. ಮಂಡ್ಯದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಆಪರೇಷನ್ ಬೇಡ, ವ್ಯಾಯಾಮ ಮಾಡಿ, ಜೊತೆಗೆ ಮಸಾಜ್ ಮಾಡಿಸಿಕೊಳ್ಳಿ ಎಂದರು. ನಾನು ತಲೆ ತಗ್ಗಿಸಿದೆ. ನೀನು ಆ ಮಸಾಜ್ ಕೋರ್ಸಿಗೆ ಸೇರುತ್ತೇನೆ ಎಂದ ದಿನ, "ಕಂಡೋರ ಮೈ ಉಜ್ಜಾಕೆ ಓಯ್ತೀಯಾ? ನನ್ ಮಾನ ಕಳೀಬ್ಯಾಡ" ಎಂದು ತಟ್ಟೆ ತಳ್ಳಿ ಎದ್ದವನು ನಾನು. ಕೇಳಿದವರಿಗೆಲ್ಲ ನೀನು ನರ್ಸು ಎಂದೇ ಹೇಳಿಕೊಂಡು ಬಂದವನೂ ನಾನೇ.

ಆ ಮಂಡ್ಯದ ಆಸ್ಪತ್ರೆಯಲ್ಲಿ ಮಸಾಜ್ ಮಾಡುವವಳು ಬಸರಾಳಿನ ಹುಡುಗಿ, ಚಂದನ. ನಿನ್ನದೇ ವಯಸ್ಸು. ಅಂಗಿ ಬಿಚ್ಚಿ ಬೋರಲು ಮಲಗಲು ನನಗೆ ನಾಚಿಕೆ. ಅವಳಿಗೆ ಅದು ಕೆಲಸ. ಎಣ್ಣೆ ಹಚ್ಚಿ ಬೆನ್ನುಮೂಳೆಯ ಎರಡೂ ಪಕ್ಕ ಹೆಬ್ಬೆರಳಿನಿಂದ ಒತ್ತುತ್ತ ಬಂದಳು. ನೋವು ಎಲ್ಲಿ ಎಂದು ನಾನು ಹೇಳುವ ಮೊದಲೇ ಬೆರಳು ಅಲ್ಲಿತ್ತು. "ಬಿಗಿ ಸಡ್ಲ ಆಯ್ತದೆ, ನಿದ್ದೆ ಬತ್ತದೆ. ಆದ್ರೆ ಬರೀ ಇದ್ರಲ್ಲೇ ವಾಸಿ ಆಗಾಕಿಲ್ಲ, ದಿನಾ ನಡೀಬೇಕು ನೀವು" ಎಂದು ಗದರಿದಳು. ಅವತ್ತು ವಾಪಸು ಬರುವ ಬಸ್ಸಿನಲ್ಲಿ, ಮಳವಳ್ಳಿ ಬಂದದ್ದೂ ತಿಳಿಯದಂಥ ನಿದ್ದೆ. ಎಷ್ಟೋ ವಾರಗಳಿಂದ ಹಾಗೆ ಮಲಗಿರಲಿಲ್ಲ.

ನಾಲ್ಕನೇ ಸಲ ಹೋದಾಗ ತಡೆಯಲಾಗದೆ ಕೇಳಿದೆ: "ಈ ಕೆಲ್ಸಕ್ಕೆ ನಿಮ್ಮಪ್ಪ ಏನೂ ಅನ್ನಾಕಿಲ್ವೇನವ್ವ?"

"ಏನಂತಾರೆ? ದಿನಾ ನಮ್ಮಪ್ಪನೇ ಗಾಡೀಲಿ ತಂದು ಬುಟ್ಟೋಗೋದು."

ನನ್ನ ಮುಖ ಕೆಳಗಿತ್ತು, ಒಳ್ಳೆಯದಾಯಿತು. ನೋವಾಯ್ತಾ ಎಂದು ಅವಳು ಕೈ ತೆಗೆದಳು. ಹ್ಞೂಂ ಎಂದೆ.

ಈಗ ಕೆರೆ ಏರಿಯ ತನಕ ನಡೆಯುತ್ತೇನೆ. ಮೊನ್ನೆ ಡಿಪೋದಲ್ಲಿ ಚೌಡಯ್ಯ ನಿನ್ನ ಸುದ್ದಿ ತೆಗೆದ. "ನರ್ಸಲ್ಲ ಕಣ್ಲಾ, ಮಸಾಜ್ ಮಾಡ್ತಾಳೆ ನನ್ ಮಗ್ಳು" ಎಂದೆ. ಅವನು ನಗಲಿಲ್ಲ. "ನನ್ ಮಂಡಿಗೆ ಏನಾರ ಆಯ್ತದಾ, ಕೇಳ್ಲಾ" ಎಂದ. ನರ್ಸಲ್ಲ ಎಂಬ ಆ ಒಂದು ಮಾತು ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಗೆ ಬಲ ತುಂಬಿರಲಿ, ತಾಯಿ.

ನಿನ್ನ ಅಪ್ಪ,
ಸಿದ್ದರಾಜು

ಮರೆತದ್ದಲ್ಲ, ಮೇಲೆ ಬರೆಯಲಾರದೆ ಬಿಟ್ಟದ್ದು: ಹೋದ ವರ್ಷ ನಿನ್ನನ್ನು ನೋಡಲು ಬಂದಿದ್ದ ನಿಡಘಟ್ಟದವರು ಬೇಡ ಎನ್ನಲಿಲ್ಲ. ನಿನ್ನ ಕೆಲಸ ಅವರಿಗೆ ತಿಳಿದರೆ ಎಂದು ಹೆದರಿ ನಾನೇ ಬೇಡ ಎಂದು ಹೇಳಿ ಕಳಿಸಿದೆ. "ನನ್ ಕೆಲ್ಸಕ್ಕೇ ಬ್ಯಾಡ ಅಂದ್ರಾ ಅಪ್ಪ?" ಎಂದು ನೀನು ಕೇಳಿದಾಗ ಹಾಗೆಂದೇ ತಿಳಿದುಕೊಳ್ಳಲಿ ಎಂದು ಬಿಟ್ಟೆ. ಬುಧವಾರ ಅವರ ಮನೆಗೆ ಹೋಗಿ ನಿಜ ಹೇಳಿದೆ. ಹುಡುಗನಿಗೆ ಮದುವೆಯಾಗಿದೆ. "ನಿಮ್ ಮಗ್ಳು ಅವತ್ತೇ ಎಲ್ಲ ಏಳಿದ್ಲು ಕಣಣ್ಣ, ನಮ್ಗೇನೂ ಅಡ್ಡಿ ಇರ್ಲಿಲ್ಲ" ಎಂದರು ಅವನ ತಾಯಿ. ಬೇಡ ಎಂದವನು ನಾನೊಬ್ಬನೇ ಮಗಾ.