ತಮ್ಮ ಇಳಿದ ದಡ

ಮಾರ್ಚ್ 3
ಇವತ್ತು ಅಂಗಡಿಯಲ್ಲಿ ಹನ್ನೊಂದು ಕನ್ನಡಕ. ಲೆನ್ಸ್ ಉಜ್ಜುವ ಮಷಿನ್ ಮತ್ತೆ ಮುನಿಸಿಕೊಂಡಿತ್ತು, ಕೊನೆಯ ಮೂರನ್ನು ಕೈಯಲ್ಲೇ ಉಜ್ಜಿದೆ. ಸಂಜೆ ತಮ್ಮನ ಫೋನ್. ಐದನೇ ಪ್ಯಾರಾಚೂಟ್ ಜಿಗಿತವೂ ಮುಗಿಯಿತಂತೆ, ಈಗ ಪೂರ್ತಿ ಪ್ಯಾರಾಟ್ರೂಪರ್. ಹೆದರಿಕೆ ಆಗುವುದಿಲ್ಲವಾ ಎಂದೆ.
"ವಿಮಾನದ ಬಾಗಿಲ ತನಕ ಕಾಲು ನಡುಗತ್ತೆ ಅಕ್ಕ. ಆಮೇಲೆ ನಡುಗೋಕೆ ನೆಲಾನೇ ಇರಲ್ಲ."
ಅಮ್ಮ ಫೋನ್ ಕಿತ್ತುಕೊಂಡು, ಹೊಟ್ಟೆ ತುಂಬ ತಿನ್ನುತ್ತೀಯಾ ಎಂದು ಮೂರು ಸಲ ಕೇಳಿದಳು.

ಏಪ್ರಿಲ್ 19
ಯುದ್ಧ ಶುರುವಾಗಿ ಆರು ದಿನ. ತಮ್ಮನಿಗೆ ಸಿಕ್ಕಿದ್ದು ಒಂದೂವರೆ ದಿನದ ರಜೆ. ಸುಮ್ಮನೆ ಕೂರುವವನಲ್ಲ — ನೀರಿನ ಟ್ಯಾಂಕ್ ತೊಳೆದ, ನನ್ನ ಸೈಕಲ್ಲಿನ ಬ್ರೇಕ್ ಬಿಗಿ ಮಾಡಿದ. ಅಪ್ಪ ತಾವು ಓಡಿಸುವ ರೂಟಿನ ಬಸ್ಸಿನಲ್ಲೇ ಅವನನ್ನು ಸ್ಟೇಷನ್ನಿಗೆ ಬಿಟ್ಟರು. ಅವನು ಇಳಿದು ಹೋದ ಮೇಲೂ ಬಸ್ ಹೊರಡಿಸಲಿಲ್ಲ. ಹಿಂದಿನಿಂದ ಯಾರೋ ಗೊಣಗಿದರು. ಅಪ್ಪ ಸ್ಟೀರಿಂಗ್ ಹಿಡಿದು ಕೂತೇ ಇದ್ದರು.

ಮೇ 2
ಒಂದು ಸೇತುವೆ ನಮ್ಮ ಕೈಸೇರಿತು ಎಂದು ವಾರ್ತೆ. ಆಕಾಶದಿಂದ ಇಳಿದವರು ಹಿಡಿದರಂತೆ. ಅವನ ಫೋನ್ ಇಲ್ಲ.

ಮೇ 11
ಸೈನ್ಯದಿಂದ ಇಬ್ಬರು ಬಂದರು. ಮನೆಗಲ್ಲ, ಅಂಗಡಿಗೆ. ಅಮ್ಮ ಒಬ್ಬಳೇ ಇರುವಾಗ ಯಾರೂ ಬಾಗಿಲು ತಟ್ಟಬಾರದೆಂದು ಸೇರುವಾಗಿನ ಫಾರ್ಮಿನಲ್ಲಿ ತಮ್ಮನೇ ನನ್ನ ಅಂಗಡಿಯ ವಿಳಾಸ ಬರೆದಿದ್ದನಂತೆ.
ಅವರು ಕೊಟ್ಟ ಕಾಗದದಲ್ಲಿ ಎರಡೇ ಸಾಲು. ವಯಸ್ಸು ಇಪ್ಪತ್ತೊಂದು. ಸೇವೆ ಒಂದು ವರ್ಷ ಎರಡು ತಿಂಗಳು.
ಮನೆಗೆ ಹೋದೆ. ಯಾಕಿಷ್ಟು ಬೇಗ ಬಂದೆ ಎಂದಳು ಅಮ್ಮ. ಅವಳು ನನ್ನ ಹಿಂದೆ ನಿಂತಿದ್ದ ಇಬ್ಬರನ್ನು ನೋಡಿದಳು…

ಜೂನ್ 8
ಅವನ ಜೊತೆ ಜಿಗಿದ ಗೆಳೆಯ ಬಂದಿದ್ದ. ಎಡಗೈಗೆ ಇನ್ನೂ ಪಟ್ಟಿ. ತಲೆ ತಗ್ಗಿಸಿಕೊಂಡೇ ಹೇಳಿದ — ಎಲ್ಲರೂ ಸೇತುವೆಯ ಈಚೆ ಇಳಿದರು, ತಮ್ಮನನ್ನು ಮಾತ್ರ ಗಾಳಿ ಆಚೆ ದಡಕ್ಕೆ ಒಯ್ದಿತು. ಕಾಲು ಮುರಿದಿತ್ತು, ವೈರ್‌ಲೆಸ್ ಸೆಟ್ ಮುರಿದಿರಲಿಲ್ಲ. ಪೊದೆಯಲ್ಲಿ ಮಲಗಿ ಶತ್ರುಗಳ ಲಾರಿ ಎಷ್ಟು, ಯಾವ ಕಡೆಯಿಂದ ಎಂದು ಎರಡು ಗಂಟೆ ಹೇಳುತ್ತಲೇ ಇದ್ದ. ಅದರಿಂದಲೇ ಉಳಿದವರು ಬದುಕಿದ್ದು.
ಕೊನೆಗೆ ಅವನಿಗೆ ನೋವಾಯಿತಾ ಎಂದು ಕೇಳಿದಳು ಅಮ್ಮ. ಅವನಿಗೆ ಗೊತ್ತೇ ಆಗಲಿಲ್ಲ ಅಮ್ಮ ಎಂದ ಗೆಳೆಯ. ಅಪ್ಪ ಎದ್ದು ಒಳಗೆ ಹೋದರು.
ಗೇಟಿನ ಹತ್ತಿರ ಅವನನ್ನು ತಡೆದೆ. "ನನಗಾದ್ರೂ ನಿಜ ಹೇಳಪ್ಪ."
ತೆಗೆದ ಚಿಲಕವನ್ನು ಮತ್ತೆ ಹಾಕಿದ. "ಕೊನೇಲಿ ಲಾರಿ ವಿಷಯ ಬಿಟ್ಬಿಟ್ಟ ಅಕ್ಕ. ಬರ್ತಿದ್ದೀರಾ, ಬರ್ತಿದ್ದೀರಾ ಅಂತ ಅಷ್ಟೇ ಕೇಳ್ತಿದ್ದ. ಸೇತುವೆ ಮೇಲೆ ಗುಂಡು ಸುರೀತಿತ್ತು, ನದಿ ದಾಟೋ ಹಾಗೇ ಇರ್ಲಿಲ್ಲ. ಆದ್ರೂ ಬರ್ತಿದ್ದೀವಿ ಅಂದೆ. ಅವನ ದನಿ ನಿಲ್ಲೋ ತನಕ ಅಂತಾನೇ ಇದ್ದೆ."
ಅವನ ಬೆನ್ನು ಸವರಿದೆ. ಇನ್ನೇನು ಮಾಡಲಿ.

ಜೂನ್ 9
ಗೇಟಿನ ಹತ್ತಿರ ಅಷ್ಟು ಹೊತ್ತು ಏನು ಮಾತು ಎಂದಳು ಅಮ್ಮ. ಬಸ್ಸಿನ ಟೈಮ್ ಕೇಳುತ್ತಿದ್ದ ಎಂದೆ. ನನ್ನ ಮುಖವನ್ನೇ ನೋಡಿದಳು. ಆಮೇಲೆ ಪಕ್ಕಕ್ಕೆ ಬಂದು ಕೂತು ನನ್ನ ಕೈ ಹಿಡಿದು, "ಕೊನೇಲಿ ನನ್ನ ಮಗನ ಹತ್ರ ಯಾರಾದ್ರೂ ಹೋದ್ರೇನೇ?" ಎಂದು ಕೇಳಿದಳು.
"ಹೋದ್ರಮ್ಮ" ಎಂದೆ ನಾನು.